ಹೆಸರಿಲ್ಲದ ಬುಟ್ಟಿ

ನಮ್ಮೂರಲ್ಲಿ ದನಿ ಹೊಸ್ತಿಲು ದಾಟುವುದಿಲ್ಲ. ಒಳಗೆ ನಿಂತು ಎಷ್ಟು ಕೂಗಿದರೂ ಅಂಗಳದಲ್ಲಿರುವವರಿಗೆ ಬಾಯಿ ಆಡುವುದು ಕಾಣುತ್ತದೆ, ಅಷ್ಟೇ. ಅದಕ್ಕೇ ಪ್ರತಿ ಮನೆಯ ಒಲೆಯ ಪಕ್ಕ ಗೋಡೆಯಲ್ಲೊಂದು ಮಣ್ಣಿನ ಕೊಳವೆ ಇದೆ. ಇನ್ನೊಂದು ಮನೆಯವರಿಗೆ ಏನಾದರೂ ಹೇಳಬೇಕಾದರೆ ಕೊಳವೆಗೆ ಬಾಯಿಟ್ಟು ಮೊದಲು ಆ ಮನೆಯ ಹೆಸರು ಹೇಳಬೇಕು, ಆಮೇಲೆ ಮಾತು. ಮಾತು ಮುತ್ತುಗದ ಎಲೆಯಷ್ಟು ಹಗುರವಾದ ಪೊಟ್ಟಣವಾಗಿ ಒಳಗೆ ಜಾರುತ್ತದೆ, ಬೀದಿಯಡಿಯ ದೊಡ್ಡ ಕೊಳವೆಯನ್ನು ಸೇರಿ ಊರ ನಡುವಿನ ದಿಬ್ಬ ಹತ್ತಿ ನಡುಮನೆಗೆ ಬರುತ್ತದೆ. ಎದ್ದು ಹೋಗಿ ಹೇಳಬಹುದಲ್ಲ ಅಂತ ಯಾರಾದರೂ ಕೇಳಿದರೆ, ಹೇಳಬಹುದು. ಆದರೆ ಕರೆಯದೆ ಬಾಗಿಲಿಗೆ ಬಂದು ನಿಲ್ಲುವವರು ಒಂದೋ ಜಗಳ ತೆಗೆಯಲು ಬಂದವರು, ಇಲ್ಲವೋ ಏನೋ ಕೇಳಲು ಬಂದವರು ಅಂತ ನಮ್ಮವರ ತಲೆಯಲ್ಲಿ ಕೂತುಬಿಟ್ಟಿದೆ.

ನಡುಮನೆಯಲ್ಲಿ ಕೆಲಸ ಮಾಡುವ ನಮಗೆ ಕಿವಿಯವರು ಅಂತ ಹೆಸರು. ಪೊಟ್ಟಣ ಬಂದ ಕೂಡಲೇ ಅದರ ಮೂಲೆ ಚಿವುಟಿ ಕಿವಿಗೆ ಹಿಡಿಯುತ್ತಿದ್ದೆವು. ‘ಸಿದ್ದಮ್ಮನ ಮನೆಗೆ’ ಅಂತ ಮೊದಲ ಮಾತು ಹೊರಗೆ ಬರುತ್ತಿತ್ತು. ಅಷ್ಟಕ್ಕೇ ಬೆರಳೊತ್ತಿ ಮುಚ್ಚಿ, ಸಿದ್ದಮ್ಮನ ಮನೆಯ ಕೊಳವೆಗೆ ಹಾಕಿಬಿಡುತ್ತಿದ್ದೆವು. ಪೂರ್ತಿ ಬಿಡಿಸಿದರೆ ಪೊಟ್ಟಣ ಒಂದೇ ಒಂದು ಸಲ ಮಾತಾಡಿ ಬರೀ ಎಲೆಯಾಗುತ್ತದೆ. ಆಮೇಲೆ ಎಷ್ಟು ಅಲುಗಾಡಿಸಿದರೂ ಅದರಲ್ಲಿ ಏನೂ ಇಲ್ಲ. ಹಾಗಾಗಿ ಕದ್ದು ಕೇಳುವ ಚಟ ನಮಗಿರಲಿಲ್ಲ. ಆ ಚಟ ಇಟ್ಟುಕೊಳ್ಳೋಣವೆಂದರೆ ಅನುಕೂಲವೂ ಇರಲಿಲ್ಲ ಅನ್ನಿ. ಆದರೆ ಆ ಮೊದಲ ಮಾತಿನಲ್ಲೇ ನಮಗೆ ಬೇಕಾದ್ದೆಲ್ಲ ಸಿಗುತ್ತಿತ್ತು. ಯಾರ ದನಿ, ಗಂಟಲು ಕಟ್ಟಿರುವುದು ನೆಗಡಿಗೋ ಅಳುವಿಗೋ, ಮನೆಯಲ್ಲಿ ಒಲೆ ಹತ್ತಿದೆಯೋ ಇಲ್ಲವೋ, ಎಲ್ಲ. ಬೀದಿಯಲ್ಲಿ ಎದುರಾದರೆ ಮುಖ ಗುರುತಿಸದೆ ಹೋಗಬಹುದಿತ್ತು, ದನಿಯ ಗುರುತು ಮಾತ್ರ ತಪ್ಪುತ್ತಿರಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಕೆಲಸ ನಿಧಾನ. ನಾವು ಕೆಲವೇ ಜನ, ಊರಿಗೆಲ್ಲ ಬಾಯಿ. ಬೆಳಿಗ್ಗೆ ‘ತಿಂಡಿ ಆಯ್ತಾ’ ಅಂತ ಕೇಳಿದ್ದು ಮಧ್ಯಾಹ್ನಕ್ಕೆ ತಲುಪುತ್ತಿತ್ತು, ಅದಕ್ಕೇ ಜನ ಬೆಳಿಗ್ಗೆ ಎದ್ದ ಕೂಡಲೇ ‘ಊಟ ಆಯ್ತಾ’ ಅಂತ ಕೇಳುವುದನ್ನು ಕಲಿತಿದ್ದರು. ಬೈಗುಳ ಮುಟ್ಟುವ ಹೊತ್ತಿಗೆ ಬೈದವರ ಸಿಟ್ಟು ಇಳಿದಿರುತ್ತಿತ್ತು, ಬೈಸಿಕೊಂಡವರದು ಆಗ ಶುರುವಾಗುತ್ತಿತ್ತು. ಹೀಗೆ ತವರು ಸೇರಿದ ಹೆಂಡತಿಯರಿಗೂ ಮನೆಯಲ್ಲುಳಿದ ಗಂಡಂದಿರಿಗೂ ಜಗಳಗಳು ಒಂದು ಹಬ್ಬದಿಂದ ಇನ್ನೊಂದು ಹಬ್ಬದ ತನಕ ಎಳೆದಾಡುತ್ತಿದ್ದವು. ಯಾರೂ ದೂರುತ್ತಿರಲಿಲ್ಲ.

ಇನ್ನು ಹೆಸರಿಲ್ಲದ ಪೊಟ್ಟಣಗಳು. ಕುಡಿದವರು, ಮಕ್ಕಳು, ಗಾಬರಿಯಾದವರು ಹೆಸರು ಹೇಳುವುದನ್ನು ಮರೆತು ನೇರವಾಗಿ ಮಾತು ಶುರುಮಾಡಿಬಿಡುತ್ತಿದ್ದರು. ಅಂಥವನ್ನು ಮೂಲೆಯಲ್ಲಿದ್ದ ಬಿದಿರಿನ ಬುಟ್ಟಿಗೆ ಹಾಕುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ, ಉಳಿದ ಕೆಲಸವೆಲ್ಲ ಮುಗಿದ ಮೇಲೆ, ಒಂದೊಂದಾಗಿ ಬಿಡಿಸಿ ಕೇಳಿ, ದನಿಯ ಮೇಲೆ ಇಂಥವರದು ಅಂತ ಗುರುತು ಹಿಡಿದು, ಆ ಮಾತನ್ನು ನಾವೇ ತಿರುಗಿ ಹೇಳಿ ಸೇರಬೇಕಾದಲ್ಲಿಗೆ ಸೇರಿಸುವುದು. ಹೆಸರಿದ್ದವರ ಸಾಲು ಮುಗಿಯದೆ ಹೆಸರಿಲ್ಲದವರಿಗೆ ಪಾಳಿಯಿಲ್ಲ. ಬಹಳ ನ್ಯಾಯವಾದ ನಿಯಮ ಅಂತ ಎಲ್ಲರೂ ಒಪ್ಪಿದ್ದರು, ನಾನೂ ಒಪ್ಪಿದ್ದೆ.

ನಮ್ಮಲ್ಲಿ ಹಿರಿಯ ಈರಣ್ಣ. ನನಗೆ ಈ ಕೆಲಸ ಕಲಿಸಿದವನು ಅವನೇ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳು ಹೊನ್ನಿ ಚೊಚ್ಚಲ ಬಾಣಂತನಕ್ಕೆ ಅಪ್ಪನ ಮನೆಗೆ ಬಂದಿದ್ದಳು. ಅದು ಮದುವೆ ಕರೆಯುವ ಕಾಲ. ಊರಿನ ಅರ್ಧ ಜನ ಇನ್ನರ್ಧ ಜನರನ್ನು ಮದುವೆಗೆ ಕರೆಯುತ್ತಿದ್ದರು, ಪೊಟ್ಟಣಗಳು ನಮ್ಮ ಮೊಣಕಾಲು ಮುಚ್ಚುವಂತೆ ಬಂದು ಬೀಳುತ್ತಿದ್ದವು. ಯಾರು ಯಾವುದನ್ನು ಚಿವುಟಿದೆವು, ಯಾವುದನ್ನು ಎಲ್ಲಿಗೆಸೆದೆವು ಅನ್ನುವುದು ನಮಗೇ ಗೊತ್ತಾಗುತ್ತಿರಲಿಲ್ಲ. ಆ ದಿನ ದೀಪ ಹಚ್ಚಿದ ಮೇಲೆ ಈರಣ್ಣ ಬುಟ್ಟಿಯ ಮುಂದೆ ಕೂತು ಒಂದೊಂದೇ ಬಿಡಿಸುತ್ತಾ, ಯಾವನೋ ಕುಡುಕನ ಮಾತಿಗೆ ನಗುತ್ತಾ, ಇನ್ನೊಂದನ್ನು ಬಿಡಿಸಿದ. ‘ಅಪ್ಪಾ’ ಅಂತು ಅದು. ‘ಅಪ್ಪಾ, ಬೇಗ ಬಾ.’ ಹೊನ್ನಿಯ ದನಿ. ಅವನು ಎದ್ದು ಓಡಿದ. ನಾನೂ ಹಿಂದೆ ಓಡಿದೆ. ಪಕ್ಕದ ಮನೆಯವಳು ಬಿಸಿನೀರಿಗೆ ಅಂತ ಅವರ ಹಿತ್ತಲಿಗೆ ಬಂದವಳು ಕಿಟಕಿಯಲ್ಲಿ ಕಂಡು ಒಳಗೆ ಹೋಗಿದ್ದರಿಂದ ಮಗು ಉಳಿದಿತ್ತು. ಹೊನ್ನಿ ತಣ್ಣಗಾಗಿದ್ದಳು.

ಮಗು ಹೆಣ್ಣು. ಅದಕ್ಕೆ ಬೆಳ್ಳಿ ಅಂತ ಹೆಸರಿಟ್ಟ. ‘ಹೊನ್ನು ಹೋಯ್ತು, ಬೆಳ್ಳಿನಾದ್ರೂ ಉಳೀತಲ್ಲ’ ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂತು. ಅದನ್ನು ನೋಡುವುದಕ್ಕಿಂತ ಅವನು ಎದೆ ಬಡಿದುಕೊಂಡು ಅತ್ತಿದ್ದರೇ ನನಗೆ ಹಗುರವಾಗುತ್ತಿತ್ತು.

ಹೊಳೆಯಾಚೆಯಿಂದ ತಗಡಿನ ವಾಮನಯ್ಯನನ್ನು ಕರೆಸಿದ್ದು ಈರಣ್ಣನೇ. ಪಂಚಾಯ್ತಿ ಕೂತಿತ್ತು. ವಾಮನಯ್ಯ ಅಂಗೈಯಗಲದ ತಾಮ್ರದ ತಗಡೊಂದನ್ನು ಎಲ್ಲರ ಮುಂದೆ ಇಟ್ಟ. ಮೃದು ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸಿಕೊಳ್ಳುತ್ತಿದ್ದ.

‘ಹೆಸರು ನೋಡಿ ಆ ಕಡೆ ಈ ಕಡೆ ತಿರುಗಿಸೋದಕ್ಕೆ ಮನುಷ್ಯರ ತಲೆ ಯಾಕೆ ಬೇಕು ಹೇಳಿ?’ ಅಂದ. ‘ಪೊಟ್ಟಣ ಅಷ್ಟು ದೂರ ದಿಬ್ಬ ಹತ್ತಿ, ಇವರ ಕೈಗೆ ಬಂದು, ಇವರು ಕೇಳಿ, ಮತ್ತೆ ಇಳಿದು ಹೋಗಬೇಕು. ಕಾಲ ಎಲ್ಲಾ ಅದಕ್ಕೇ ಹೋಗ್ತಾ ಇದೆ. ಕೊಳವೆಗಳು ಕೂಡೋ ಜಾಗದಲ್ಲಿ ಈ ತಗಡು ಹಾಕಿದ್ರೆ, ಹೆಸರನ್ನ ಅದೇ ಹಿಡಿಯುತ್ತೆ, ಅಲ್ಲೇ ತಿರುಗಿಸುತ್ತೆ. ತಗಡಿಗೆ ಅರ್ಥ ಆಗದೇ ಇರೋದು ಮಾತ್ರ ಮೇಲೆ ಬರುತ್ತೆ.’

ಪಂಚಾಯ್ತಿಯವರು ಈರಣ್ಣನ ಮುಖ ನೋಡಿದರು. ಅವನು ಎದ್ದು ನಿಂತ.

‘ಹೆಸರಿರೋ ಮಾತು ತಗಡು ನೋಡ್ಕೊಳ್ಳಲಿ. ನಮ್ಮ ಕಿವಿ ಹೆಸರಿಲ್ಲದೋರಿಗೆ ಬಿಡುವಾಗಿರ್ಲಿ. ನಂಗೆ ಬೇಕಾಗಿರೋದು ಅಷ್ಟೇ.’

ಮಗಳನ್ನು ಕಳೆದುಕೊಂಡವನಿಗೆ ಏನು ಎದುರು ಹೇಳುವುದು? ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ತಗಡುಗಳಿಗೆ ಊರಿನ ಮನೆಮನೆಯ ಹೆಸರನ್ನು ನಾವೇ ಬಾಯಿಟ್ಟು ಹೇಳಿಕೊಟ್ಟೆವು. ಮಗುವಿಗೆ ಅಕ್ಷರ ಕಲಿಸುವ ಹಾಗೆ, ಒಂದೊಂದನ್ನೂ ತಿರುಗಿ ತಿರುಗಿ ಹೇಳಿ, ಅದು ಸರಿಯಾಗಿ ಹಿಡಿಯಿತೋ ಇಲ್ಲವೋ ಅಂತ ನೋಡಿ. ಬಿಸಿಲಲ್ಲಿ ಬೀದಿ ಅಗೆದ ಗುಂಡಿಗಳಲ್ಲಿ ಕೂತು ಆ ಕೆಲಸ ಮಾಡುವಾಗ ನಾವೆಲ್ಲ ಖುಷಿಯಾಗಿಯೇ ಇದ್ದೆವು.

ಆಮೇಲೆ ಊರು ಊರಿನಂತೆ ಉಳಿಯಲಿಲ್ಲ. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಉತ್ತರ ಬಂದು ಮುಖಕ್ಕೆ ಬಡಿಯುತ್ತಿತ್ತು. ವಯಸ್ಸಾದವರು ಬೆಚ್ಚಿ ಹಿಂದಕ್ಕೆ ಸರಿಯುತ್ತಿದ್ದರು. ಬೆಳಿಗ್ಗೆಯೇ ‘ಊಟ ಆಯ್ತಾ’ ಅಂತ ಕೇಳುವ ರೂಢಿಯವರು, ‘ಇನ್ನೂ ಹಲ್ಲುಜ್ಜಿಲ್ಲ ಕಣ್ರೀ’ ಅಂತ ಉತ್ತರ ಕೇಳಿ ಪೆಚ್ಚಾದರು. ಜಗಳಗಳು ಹುಟ್ಟಿದ ಗಳಿಗೆಯಲ್ಲೇ ಮುಗಿದವು, ಕೆಲವು ಮನೆಗಳೂ ಹಾಗೇ ಮುರಿದವು. ಆದರೆ ಸೂಲಗಿತ್ತಿ ಕಾಳಮ್ಮ ಕರೆದ ಕೂಡಲೇ ಬರುವಂತಾದಳು. ಎಷ್ಟೋ ಮಕ್ಕಳು ಬದುಕಿದವು, ಎಷ್ಟೋ ತಾಯಂದಿರು ಎದ್ದು ಓಡಾಡಿದರು. ಅದನ್ನು ಇಲ್ಲ ಅಂದರೆ ನನ್ನ ಬಾಯಿಗೆ ಹುಳ ಬೀಳಲಿ.

ನಡುಮನೆ ಮಾತ್ರ ಸುಮ್ಮನಾಯಿತು. ದಿನಕ್ಕೆ ಬೆರಳೆಣಿಕೆಯ ಪೊಟ್ಟಣ. ಅವನ್ನು ಬಂದ ಕೂಡಲೇ ಬಿಡಿಸಿ, ಎಲ್ಲರೂ ಸೇರಿ ಕೇಳಿ, ಇದು ಇಂಥವರದು ಅಂತ ಜಗಳವಾಡಿ ಕಳಿಸುತ್ತಿದ್ದೆವು. ಈರಣ್ಣ ಬಯಸಿದ್ದೂ ಇದನ್ನೇ. ಆದರೆ ಕೈಕಟ್ಟಿ ಕೂತ ಜನರನ್ನು ನೋಡಿಕೊಂಡು ಎಷ್ಟು ದಿನ ಸುಮ್ಮನಿರುತ್ತಾರೆ? ಇಷ್ಟೊಂದು ಕಿವಿ ಯಾಕೆ, ಒಂದು ಸಾಕು ಅಂತ ಪಂಚಾಯ್ತಿ ಹೇಳಿತು. ಕಿರಿಯವಳು ಅಂತ ನನ್ನನ್ನು ಉಳಿಸಿ ಉಳಿದವರನ್ನು ಮನೆಗೆ ಕಳಿಸಿದರು. ಹೋಗುವಾಗ ಅವರು ಈರಣ್ಣನ ಮುಖ ನೋಡಲಿಲ್ಲ. ‘ನನ್ನ ಹೊಟ್ಟೆ ಉರಿಗೆ ಎಲ್ಲರ ಅನ್ನ ಕಳೆದೆ ಕಣೇ ಕೆಂಚಮ್ಮ’ ಅಂದವನು ಮತ್ತೆ ದಿಬ್ಬ ಹತ್ತಲಿಲ್ಲ.

ಇನ್ನೊಂದು ಬದಲಾವಣೆಯನ್ನು ಆಗ ಯಾರೂ ದೊಡ್ಡದಾಗಿ ಎಣಿಸಲಿಲ್ಲ. ಮೊದಲು ಒಂದೊಂದು ಬೀದಿಗೆ ಒಂದೊಂದು ಕೊಳವೆ ಮೇಲೆ ಬರುತ್ತಿತ್ತು, ದನಿ ಗುರುತಾಗದಿದ್ದರೂ ಬೀದಿ ಗೊತ್ತಾಗುತ್ತಿತ್ತು. ಈಗ ತಗಡು ಬಿಟ್ಟುಕೊಟ್ಟದ್ದೆಲ್ಲ ಒಂದೇ ಕೊಳವೆಯಲ್ಲಿ ಬರತೊಡಗಿತು.

ಏನೇನು ಬರುತ್ತಿತ್ತು ಅಂತೀರಿ. ಹಸುಗೂಸಿನ ತೊದಲು. ಕೆಮ್ಮು. ದೇವರಿಗೆ ಹರಕೆ. ‘ಥೂ’ ಅನ್ನುವ ಒಂದೇ ಮಾತು, ದಿನಾ, ಯಾರದೋ. ಮುಚ್ಚಿದ ಮನೆಯ ಹೆಸರನ್ನು ತಗಡು ಮರೆತುಬಿಡುತ್ತದೆ. ಹಾಗಾಗಿ ಸತ್ತ ಗೆಳೆಯನನ್ನು ಎಲೆಯಡಿಕೆಗೆ ಕರೆಯುತ್ತಿದ್ದ ಮುದುಕನೊಬ್ಬನ ಮಾತು ಬಹಳ ಕಾಲ ನನ್ನ ಹತ್ತಿರವೇ ಬರುತ್ತಿತ್ತು. ಕೇಳಿ ಬೇಜಾರಾಗುತ್ತಿತ್ತು. ಒಂದು ದಿನ ಅದೂ ನಿಂತಿತು, ಅದಕ್ಕೆ ಇನ್ನೂ ಬೇಜಾರಾಯಿತು. ಊರಿನ ಸುದ್ದಿ ಅಂತ ನನಗೆ ಸಿಗುತ್ತಿದ್ದದ್ದು ಇಷ್ಟೇ. ಯಾರ ಮನೆಗೆ ಯಾರು ಸೊಸೆಯಾಗಿ ಬಂದರು, ಯಾವ ಹುಡುಗನ ದನಿ ಒಡೆಯಿತು, ಏನೂ ತಿಳಿಯುತ್ತಿರಲಿಲ್ಲ. ದಿನವೆಲ್ಲಾ ಊರನ್ನೇ ಕೇಳುತ್ತಿದ್ದವಳು ನಾನು. ಈಗ ಅದು ನನ್ನ ಕಾಲ ಕೆಳಗೆ, ಕೊಳವೆಯೊಳಗೆ, ನನ್ನನ್ನು ಮುಟ್ಟದೆ ಹರಿದುಹೋಗುತ್ತಿತ್ತು. ಮೊದಮೊದಲು ದನಿ ಹಿಡಿದು ಹೇಳುತ್ತಿದ್ದೆ. ಆಮೇಲಾಮೇಲೆ ಅಂದಾಜು. ಆಮೇಲೆ ಪೊಟ್ಟಣ ಬಿಡಿಸಿ, ಕೇಳಿ, ಎಲೆಯನ್ನು ಒಲೆಗೆ ಹಾಕುವುದು. ಯಾರೂ ಕೇಳಲೂ ಇಲ್ಲ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಊಟ ಮಾಡಿ ಗೋಡೆಗೊರಗಿದ್ದೆ. ಪೊಟ್ಟಣವೊಂದು ಬಂದು ಬಿತ್ತು. ಎತ್ತಿ ಬಿಡಿಸಿದೆ.

‘ಅವ್ವಾ... ಬಾ. ಆಗ್ತಿಲ್ಲ ನಂಗೆ.’

ಪ್ರಾಯದ ಹೆಣ್ಣು. ಮಾತಿನ ನಡುವೆ ಒಂದು ಉಸಿರು ಎಳೆದುಕೊಂಡಳು. ಅಂಥ ಉಸಿರನ್ನು ನಾನು ಇದೇ ಮನೆಯಲ್ಲಿ ಒಂದು ಸಲ ಕೇಳಿದ್ದೆ. ಖಾಲಿ ಎಲೆಯನ್ನು ಕಿವಿಗೊತ್ತಿಕೊಂಡು ಕೂತೆ, ಏನೋ ಇನ್ನೂ ಉಳಿದಿದೆ ಅನ್ನುವ ಹಾಗೆ. ದನಿ ಎಲ್ಲೋ ಕೇಳಿದಂತೆಯೂ ಇತ್ತು, ಕೇಳಿಯೇ ಇಲ್ಲದಂತೆಯೂ ಇತ್ತು. ಯಾರ ಮಗಳು? ಯಾರ ಸೊಸೆ? ನನ್ನ ತಲೆಯಲ್ಲಿದ್ದ ಹುಡುಗಿಯರ ದನಿಗಳೆಲ್ಲ ಲಂಗದ ಹುಡುಗಿಯರ ದನಿಗಳು.

ಕೊಳವೆಗೆ ಬಾಯಿಟ್ಟೆ. ‘ಕಾಳಮ್ಮನ ಮನೆಗೆ. ಯಾರೋ ಹೆರ್ತಾ ಅವ್ಳೆ, ಕಷ್ಟ ಇದ್ದಂಗದೆ, ಹೊರಡು.’

ನಾನು ತಲೆ ಎತ್ತುವ ಮೊದಲೇ ಉತ್ತರ ಬಂತು. ‘ಯಾವ ಮನೆ?’

‘ಗೊತ್ತಿಲ್ಲ ಕಾಳಮ್ಮ.’

‘ಗೊತ್ತಿಲ್ಲ ಅಂದ್ರೆ? ಎದ್ದು ನಿಂತಿವ್ನಿ ಕಣಮ್ಮ ನಾನು, ಕೈಯಲ್ಲಿ ಚೀಲ ಹಿಡ್ಕೊಂಡು. ಯಾವ ಕಡೆ ತಿರುಗಲಿ ಹೇಳು.’

ಅಷ್ಟು ಬೇಗ ಬರುತ್ತಿತ್ತು ಅವಳ ಮಾತು. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ‘ಎಲ್ಲರ ಮನೆಗೆ’ ಅಂತ ಕೂಗಿ ನೋಡಿದೆ. ಎಲ್ಲರು ಅನ್ನುವವರ ಮನೆ ತಗಡಿಗೆ ಗೊತ್ತಿಲ್ಲ. ನನ್ನದೇ ಪೊಟ್ಟಣ ಹೆಸರಿಲ್ಲದ್ದಾಗಿ ಸುತ್ತಿ ಬಂದು ನನ್ನ ಮಡಿಲಿಗೇ ಬಿತ್ತು.

ಆಗ ಹೊಳೆದದ್ದು ಒಂದೇ. ತಗಡಿಗೆ ಹೇಳಿಕೊಟ್ಟ ಹೆಸರುಗಳು ನನಗೆ ಬಾಯಿಪಾಠ ಇದ್ದವು. ಅವ್ವಾ ಅಂತ ಕೂಗಿದ್ದಾಳೆ, ಅವ್ವಂದಿರಿಗೆ ಹೇಳೋಣ. ಮದುವೆಯಾದ ಮಗಳಿರಬಹುದಾದ ಒಂದೊಂದು ಮನೆಯ ಹೆಸರನ್ನೂ ಹಿಡಿದು ಕೂಗತೊಡಗಿದೆ. ‘ಚಿಕ್ಕತಾಯಮ್ಮನ ಮನೆಗೆ, ನಿಮ್ಮ ಮಗಳು ಕಷ್ಟದಲ್ಲಿರಬಹುದು, ಓಡಿ. ಮಾದಕ್ಕನ ಮನೆಗೆ, ನಿಮ್ಮ ಮಗಳು ಕಷ್ಟದಲ್ಲಿರಬಹುದು, ಓಡಿ.’ ಹೆಂಗಸರಿಲ್ಲದ ಮನೆಗಳನ್ನು ಬಿಟ್ಟೆ, ಹೊತ್ತು ಉಳಿಯಲಿ ಅಂತ. ಗಂಟಲು ಹರಿಯುವ ತನಕ ಕೂಗಿದೆ.

ಕಿಟಕಿಯಲ್ಲಿ ನೋಡಿದರೆ ಊರಿನ ಅವ್ವಂದಿರೆಲ್ಲ ಬೀದಿಗಿಳಿದಿದ್ದರು. ಹಿಟ್ಟು ಮೆತ್ತಿದ ಕೈಯವರು, ತಲೆಗೆ ಎಣ್ಣೆ ಹಚ್ಚಿಕೊಂಡವರು, ಎದುರುಬದುರು ಓಡುತ್ತಾ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ. ಯಾರೊಬ್ಬರಾದರೂ ಸರಿಯಾದ ಬಾಗಿಲಿಗೆ ಹೋಗೇ ಹೋಗುತ್ತಾರೆ ಅಂತ ನನಗೆ ಧೈರ್ಯ ಬಂತು. ಸ್ವಲ್ಪ ಹೊತ್ತಿಗೆ ಉತ್ತರಗಳು ಬರತೊಡಗಿದವು, ಪಟಪಟನೆ. ‘ನಮ್ಮವಳು ಚೆನ್ನಾಗವ್ಳೆ.’ ‘ನಮ್ಮವಳು ಬಟ್ಟೆ ಒಗೀತಾ ಕೂತವ್ಳೆ.’ ‘ನಮ್ಮವಳು ಬಸುರಿನೇ ಅಲ್ಲ ಕಣಮ್ಮ, ನಿಂಗೇನಾಗದೆ?’ ಅವರಿಗೆಲ್ಲ ನಿರಾಳ. ಒಬ್ಬೊಬ್ಬರ ನಿರಾಳಕ್ಕೂ ಉಳಿದ ಮನೆಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಈರಣ್ಣ. ಗೋಡೆ ಹಿಡಿದು, ಏದುಸಿರು ಬಿಡುತ್ತಾ ಒಳಗೆ ಬಂದ. ಎಷ್ಟೋ ವರ್ಷದ ಮೇಲೆ ಅವನು ಈ ಹೊಸ್ತಿಲು ದಾಟಿದ್ದು.

‘ಏನಮ್ಮ, ಹೆಂಗಸರೆಲ್ಲ ಹಿಂಗ್ ಓಡ್ತಾವ್ರೆ?’

‘ಯಾವಳೋ ಹೆರಿಗೆ ನೋವಲ್ಲಿ ಕೂಗವ್ಳೆ ಈರಣ್ಣ. ಹೆಸರು ಹೇಳಿಲ್ಲ. ಯಾರು ಅಂತ ಗೊತ್ತಾಗಲಿಲ್ಲ ನಂಗೆ.’

ಅವನು ನನ್ನನ್ನೇ ನೋಡಿದ. ‘ಗೊತ್ತಾಗಲಿಲ್ವಾ?’

‘ಅವ್ವಾ ಅಂದ್ಲು. ಅದಕ್ಕೇ ಅವ್ವ ಇರೋ ಮನೆಗೆಲ್ಲ...’

‘ಬೆಳ್ಳಿಗೆ ದಿನ ತುಂಬಿತ್ತು ಕಣೇ’ ಅಂದ ಈರಣ್ಣ.

ಬೆಳ್ಳಿಗೆ ಮದುವೆಯಾದದ್ದೇನೋ ಗೊತ್ತಿತ್ತು, ಕೆಳಗಿನ ಬೀದಿಯಲ್ಲಿದ್ದಾಳೆ ಅಂತಲೂ ಗೊತ್ತಿತ್ತು. ಬಸುರಿ ಅನ್ನುವುದು ನನಗೆ ಯಾರಿಂದ ತಿಳಿಯಬೇಕು? ‘ಅವಳಿಗೆ ಅವ್ವ ಎಲ್ಲವ್ಳೆ ಈರಣ್ಣ’ ಅಂದೆ, ಹೇಗೋ.

‘ನೋವು ತಿನ್ನೋ ಬಾಯಿ ಇರೋರು ಇಲ್ಲದೋರು ಅಂತ ನೋಡ್ತದಾ?’ ಅವನು ಆಗಲೇ ಬಾಗಿಲಿಗೆ ತಿರುಗಿದ್ದ, ಚೌಕಟ್ಟು ಹಿಡಿದು ನಿಂತ. ‘ನಾನೇ ಹೇಳಿಕೊಟ್ಟಿದ್ದೆ. ಹೊನ್ನಿಗಾದದ್ದು ನೋಡಿದ್ನಲ್ಲ. ಸಂಕಟದಲ್ಲಿ ಹೆಸರು ಬಾಯಿಗೆ ಬರಲ್ಲ ಮಗಾ, ಬರದಿದ್ರೂ ಹೆದರಬೇಡ, ಸುಮ್ನೆ ಕೂಗು. ಸೀದಾ ನಡುಮನೆಗೆ ಹೋಗ್ತದೆ. ಅಲ್ಲಿ ಕೆಂಚಮ್ಮ ಕೂತವ್ಳೆ, ಅವಳಿಗೆ ನಿನ್ನ ದನಿ ಗೊತ್ತಾಗ್ತದೆ ಅಂತ.’

ನಾನು ಕಾಳಮ್ಮನಿಗೆ ಬೆಳ್ಳಿಯ ಹೆಸರು ಹೇಳಿದೆ. ಹೇಳಿದ ಗಳಿಗೆಯಲ್ಲೇ ತಲುಪಿತು. ಕಾಳಮ್ಮನೂ ಓಡಿದಳು. ಆದರೆ ಬೀದಿಯ ತುಂಬ ನಾನೇ ಎಬ್ಬಿಸಿದ ಅವ್ವಂದಿರು. ಮಗಳು ಸುಖವಾಗಿದ್ದಾಳೆಂದು ಸಮಾಧಾನವಾಗಿ, ಅಲ್ಲಲ್ಲೇ ನಿಂತು, ಕೆಂಚಮ್ಮನಿಗೆ ತಲೆ ಕೆಟ್ಟಿದೆಯೇ ಅಂತ ಮಾತಾಡಿಕೊಳ್ಳುತ್ತಿದ್ದರು. ಅವರ ನಡುವೆ ನುಗ್ಗಿ ಹೋಗಬೇಕಾಯಿತು.

ಬೆಳ್ಳಿ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು. ‘ಒಂಚೂರು ಮುಂಚೆ ಬಂದಿದ್ರೆ’ ಅಂದಳಂತೆ ಕಾಳಮ್ಮ, ಆಮೇಲೆ ಆ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ.

ಪಂಚಾಯ್ತಿ ಕೂತು, ಇನ್ನು ಮೇಲೆ ‘ಅವ್ವಾ’ ಅನ್ನುವುದನ್ನೂ ತಗಡಿಗೆ ಕಲಿಸಿಬಿಡೋಣ ಅಂತ ತೀರ್ಮಾನಿಸಿತು. ವಾಮನಯ್ಯನನ್ನು ಮತ್ತೆ ಕರೆಸಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ಕನ್ನಡಕ ಒರೆಸಿಕೊಳ್ಳುತ್ತಾ, ‘ಕಲಿಸಬಹುದು. ಹಾಗಂತ ಕೂಗಿದಾಗ ಯಾವ ಮನೆಗೆ ತಿರುಗಿಸಲಿ, ಅಷ್ಟು ಹೇಳಿ’ ಅಂದ. ಪಂಚಾಯ್ತಿಯವರು ಎದ್ದುಹೋದರು.

ಈರಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎದುರು ಸಿಕ್ಕರೆ ‘ಊಟ ಆಯ್ತಾ ಕೆಂಚಮ್ಮ’ ಅನ್ನುತ್ತಾನೆ. ಹೂಂ ಅನ್ನುತ್ತೇನೆ. ಅವನು ಹೊರಟುಹೋಗುತ್ತಾನೆ.

ಕೆಲವು ವಾರ ಕಳೆದ ಮೇಲೆ ಬೆಳ್ಳಿ ನಡುಮನೆಗೆ ಬಂದಳು. ಒಬ್ಬಳೇ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಬಾಣಂತಿಯರ ಹಾಗೆ. ಮುಖ ನೋಡಿದರೆ ಹೊನ್ನಿಯೇ ಎದ್ದು ಬಂದಂತಿತ್ತು. ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನನ್ನೆದುರು ನೆಲದ ಮೇಲೆ ಕೂತಳು.

‘ಕಣ್ಣು ಮುಚ್ಕೋ ಕೆಂಚತ್ತೆ.’

ಮುಚ್ಚಿದೆ.

‘ಅವ್ವಾ’ ಅಂದಳು. ಮೆಲ್ಲಗೆ, ಯಾರನ್ನೂ ಕರೆಯದ ಹಾಗೆ.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

‘ಗೊತ್ತಾಯ್ತಾ?’ ಅಂತ ಕೇಳಿದಳು. ಕೋಪವಿರಲಿಲ್ಲ, ಗುರುತು ಸಿಕ್ಕಿತೋ ಇಲ್ಲವೋ ಅಂತ ನಿಜವಾಗಿಯೇ ಕೇಳುತ್ತಿದ್ದಳು.

‘ಗೊತ್ತಾಯ್ತು ಮಗಾ.’

‘ಇನ್ಮೇಲೆ ಮರೆಯಲ್ಲ ಅಲ್ವಾ?’

‘ಇಲ್ಲ.’

ಅವಳು ಎದ್ದು ಸೀರೆ ಕೊಡವಿಕೊಂಡು, ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಈಗಲೂ ಪ್ರತಿ ಪೊಟ್ಟಣವನ್ನು ಬಿಡಿಸುವ ಮೊದಲು ಅವಳ ದನಿಯನ್ನೇ ನೆನೆಸಿಕೊಳ್ಳುತ್ತೇನೆ. ಸಾವಿರ ದನಿ ಒಟ್ಟಿಗೆ ಬಂದರೂ ಅದೊಂದರ ಗುರುತು ತಪ್ಪುವುದಿಲ್ಲ. ಬೆಳ್ಳಿ ಮತ್ತೆ ಯಾವತ್ತೂ ಹೆಸರಿಲ್ಲದೆ ಕೂಗಲಿಲ್ಲ.